ಮೇಳದಲ್ಲಿ ಮರ ಏರಿ ತೋರಿಸುವುದೇ ತಪ್ಪೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವನು. ಮನೆಯ ಪಕ್ಕದ ಶೆಡ್ಡಿನಲ್ಲಿ ಅಣ್ಣನ ಮಗನ ಜೊತೆ ಸೇರಿ ಅಡಿಕೆ, ತೆಂಗು ಎರಡಕ್ಕೂ ಹೊಂದಿಸಬಹುದಾದ ಮರ ಏರುವ ಸಾಧನ ತಯಾರಿಸುತ್ತಿದ್ದೇನೆ. ಇದುವರೆಗೆ ಕೃಷಿ ಮೇಳಗಳಲ್ಲಿ ಮಳಿಗೆಯ ಮುಂದೆ ಅಡಿಕೆ ಮರದ ಕಾಂಡ ಹುಗಿದು, ಅಣ್ಣನ ಮಗ ಇಪ್ಪತ್ತೈದು ಅಡಿ ಏರಿ ತೋರಿಸುತ್ತಿದ್ದ. ಹಾಗೆಯೇ ಮಾರಾಟವಾಗುತ್ತಿತ್ತು. ಈ ಸಲ ಸಂಘಟಕರು ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮೂರು ಪುಟಗಳ ಷರತ್ತುಪತ್ರ ಕಳುಹಿಸಿದ್ದಾರೆ. ಎರಡು ಮೀಟರ್‌ಗಿಂತ ಮೇಲೆ ಏರುವವರಿಗೆ ಪೂರ್ಣ ದೇಹದ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳ ಕವಚ), ಬೇರೆಯೇ ಆದ ರಕ್ಷಣಾ ಹಗ್ಗ, ಕೆಳಗಿಳಿಸುವ ವ್ಯವಸ್ಥೆ, ಕಂಬಕ್ಕೆ ಎಂಜಿನಿಯರ್ ಪ್ರಮಾಣಪತ್ರ, ಮೂರನೆಯವರಿಗೆ ಅನ್ವಯಿಸುವ ವಿಮೆ, ಸುತ್ತ ಬೇಲಿ ಇರಬೇಕಂತೆ. ದೊಡ್ಡ ಕಂಪನಿಯೊಂದು ತನ್ನದೇ ಉಕ್ಕಿನ ಗೋಪುರ ತಂದು ನಿಲ್ಲಿಸಿ ಆರಾಮವಾಗಿ ಪ್ರಾತ್ಯಕ್ಷಿಕೆ ನಡೆಸುತ್ತದೆ. ನಮ್ಮಲ್ಲಿ ಒಬ್ಬರೂ ಬಿದ್ದಿಲ್ಲ. ಕೊಚ್ಚಿಯ ಪರಿಚಿತರೊಬ್ಬರು ದೋಣಿಗಳ ಪ್ರದರ್ಶನದಲ್ಲಿ ಹಾಯಿ ಕಟ್ಟುವ ಕೂವೆಕಂಬ ಏರಲು ಇದನ್ನೇ ತೋರಿಸಬಹುದು ಎಂದರು. ಅಲ್ಲಿಯೂ ಇವೇ ಷರತ್ತುಗಳು. ಇದು ನಿಜವಾಗಿ ಕಾನೂನೇ, ಅಥವಾ ಸಣ್ಣವರನ್ನು ಹೊರಗಿಡುವ ದಾರಿಯೇ? ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನೋವುಗಳಿವೆ. ಏರಿ ತೋರಿಸದೆ ಕೃಷಿಕ ಕೊಳ್ಳುವುದಿಲ್ಲ ಎಂಬುದು ಒಂದು. ಅದೇ ಷರತ್ತು ದೊಡ್ಡವನಿಗೆ ಹೊರೆಯೆನಿಸುವುದಿಲ್ಲ, ನಿಮಗೆ ಮಾತ್ರ ಅಂಗಡಿ ಮುಚ್ಚಿಸುವಷ್ಟು ಭಾರವಾಗುತ್ತದೆ ಎಂಬುದು ಇನ್ನೊಂದು. ಎರಡೂ ನಿಜ. ಇನ್ನೂರು ಸಾಧನ ಮಾರುವವನಿಗೂ ನಾಲ್ಕು ಮಾರುವವನಿಗೂ ಗೋಪುರದ ಖರ್ಚು, ಎಂಜಿನಿಯರ್ ಶುಲ್ಕ, ವಿಮೆಯ ಕಂತು ಹೆಚ್ಚು ಕಡಿಮೆ ಒಂದೇ. ಎತ್ತರದ ಕೆಲಸದ ಸುರಕ್ಷತೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಾನು ಈ ಅನ್ಯಾಯವನ್ನು ಹಲವು ಮೇಳಗಳಲ್ಲಿ ಕಂಡಿದ್ದೇನೆ. ಆದರೂ ಆ ಮೂರು ಪುಟಗಳನ್ನು ಹರಿದು ಹಾಕಿ ಎಂದು ನಾನು ಹೇಳಲಾರೆ. ಅವು ಕೇಳುತ್ತಿರುವುದು ಒಂದೇ ಪ್ರಶ್ನೆ: ಸಾಧನ ಕೈಕೊಟ್ಟ ಕ್ಷಣದಲ್ಲಿ ಮೇಲಿರುವ ಹುಡುಗನನ್ನು ಯಾವುದು ಹಿಡಿಯುತ್ತದೆ? ನಿಮ್ಮ ಈಗಿನ ಪ್ರಾತ್ಯಕ್ಷಿಕೆಯಲ್ಲಿ ಅದಕ್ಕೆ ಉತ್ತರವಿಲ್ಲ.

ಮೊದಲು ಕಾನೂನಿನ ಮಾತು. ಇಂಥ ಮೇಳದಲ್ಲಿ ಮರ ಏರಿ ತೋರಿಸುವುದನ್ನು ನಿಷೇಧಿಸುವ ಕಾನೂನಿನಿಂದ ಈ ಷರತ್ತುಗಳು ಬಂದಿಲ್ಲ. ಎತ್ತರದಲ್ಲಿ ಕೆಲಸ ಮಾಡುವವರು ಬೀಳದಂತೆ ತಡೆ ಇರಬೇಕು ಎಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆ ಹೇಳುತ್ತಿತ್ತು, ನಿಜ. ಮೇಳದ ಮೈದಾನ ಕಾರ್ಖಾನೆಯಲ್ಲ. ನಿಮಗೆ ಬಂದಿರುವುದು ಸಂಘಟಕರು ಮಳಿಗೆ ಕೊಡುವಾಗ ಹಾಕುವ ಒಪ್ಪಂದದ ಷರತ್ತು. ಅದರ ಹಿಂದೆ ಸಾಮಾನ್ಯವಾಗಿ ಅವರ ವಿಮಾ ಕಂಪನಿಯ ಒತ್ತಡವಿರುತ್ತದೆ. ಹಾಗಾಗಿ ಅದರ ಬಗ್ಗೆ ಮಾತಾಡಲು, ಬದಲಾವಣೆ ಕೇಳಲು ಅವಕಾಶವಿದೆ.

ಆದರೆ ಅನಾಹುತವಾದ ಮೇಲೆ ಬರುವ ಕಾನೂನು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಹಿಂದಿನ ದಂಡಸಂಹಿತೆಯಲ್ಲಿ ಇದು ಎರಡು ವರ್ಷವಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷಪೂರ್ಣ ಸಾಧನ ತಯಾರಿಸಿದವನನ್ನೂ, ಬಳಕೆಯ ಸೂಚನೆಯನ್ನು ಸರಿಯಾಗಿ ಕೊಡದವನನ್ನೂ ಹೊಣೆಗಾರನನ್ನಾಗಿಸುತ್ತದೆ. ನಿಮ್ಮ ಹುಡುಗ ಬೆಲ್ಟ್ ಇಲ್ಲದೆ ಸರಸರನೆ ಏರುವುದನ್ನು ನೋಡಿದ ಕೃಷಿಕ ತನ್ನ ತೋಟದಲ್ಲಿಯೂ ಹಾಗೆಯೇ ಏರುತ್ತಾನೆ. ನೀವು ಕೈಪಿಡಿಯಲ್ಲಿ ಏನನ್ನೇ ಮುದ್ರಿಸಿ, ಅವನ ಕಣ್ಣಿಗೆ ಕಂಡದ್ದೇ ಸೂಚನೆ.

"ನನ್ನ ಸ್ವಂತ ಜವಾಬ್ದಾರಿಯಲ್ಲಿ ಏರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಮುಗಿಯಿತಲ್ಲ" ಎಂದು ಅನೇಕರು ನಂಬಿದ್ದಾರೆ. ಮುಗಿಯುವುದಿಲ್ಲ. ಮುಚ್ಚಳಿಕೆಯಿಂದ ನಿರ್ಲಕ್ಷ್ಯದ ಹೊಣೆ ಕರಗುವುದಿಲ್ಲ, ಕೆಳಗೆ ನಿಂತು ನೋಡುವವನ ತಲೆಯ ಮೇಲೆ ಸಾಧನ ಬಿದ್ದರೆ ಅವನು ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ. ಸಂಘಟಕರಿಗೆ ಬರುವ ಎಲ್ಲ ನಷ್ಟವನ್ನೂ ನೀವೇ ತುಂಬಿಕೊಡಬೇಕು ಎಂಬ ಸಾಲು ಅದರಲ್ಲಿ ಅಡಗಿರುವುದೂ ಉಂಟು. ಸಹಿಗೆ ಮುನ್ನ ಅದನ್ನು ವಕೀಲರಿಗೆ ತೋರಿಸಿ.

ಇನ್ನೊಂದು ನಂಬಿಕೆ ಪೇಟೆಂಟಿನದು. ಪೇಟೆಂಟ್ ಸಿಕ್ಕಿದೆ, ಬಹುಮಾನ ಬಂದಿದೆ, ಆದ್ದರಿಂದ ಸಾಧನ ಸುರಕ್ಷಿತ ಎನ್ನುತ್ತಾರೆ. ಪೇಟೆಂಟ್ ಕಚೇರಿ ನೋಡುವುದು ಕಲ್ಪನೆ ಹೊಸದೇ ಎಂಬುದನ್ನು. ಎಂಬತ್ತು ಕೆ.ಜಿ. ಹೊತ್ತ, ಮರವನ್ನು ಬಿಗಿಹಿಡಿಯುವ ಕ್ಲಾಂಪ್ ಸಾವಿರದ ಒಂದನೇ ಏರುವಿಕೆಯಲ್ಲಿ ಜಾರುತ್ತದೆಯೇ ಎಂಬುದನ್ನು ಅಲ್ಲಿ ಯಾರೂ ಪರೀಕ್ಷಿಸುವುದಿಲ್ಲ.

"ನಮ್ಮಲ್ಲಿ ಒಬ್ಬರೂ ಬಿದ್ದಿಲ್ಲ" ಎಂಬ ನಿಮ್ಮ ಮಾತಿಗೆ ಸ್ವಲ್ಪ ಹೊತ್ತು ನಿಲ್ಲಬೇಕು. ತೋಟದ ಅನುಭವ ನಿಮ್ಮ ಕೈಯಲ್ಲಿದೆ, ಅದನ್ನು ನಾನು ಗೌರವಿಸುತ್ತೇನೆ. ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಒಂದು ಮರದ ತಲೆಯಿಂದ ಪಕ್ಕದ ಮರಕ್ಕೆ ವಾಲಿ ದಾಟುವವರನ್ನು ನೋಡಿಯೇ ನಾನೂ ಬೆಳೆದವನು. ಆದರೆ ಮೇಳದ ಕಂಬ ತೋಟದ ಮರವಲ್ಲ. ತೋಟದ ಮರವನ್ನು ಅದರ ಬೇರು ಹಿಡಿದುಕೊಂಡಿರುತ್ತದೆ. ಮೇಳದ್ದು ಕಡಿದು ತಂದು ಹಿಂದಿನ ಸಂಜೆ ಮೂರಡಿ ಗುಂಡಿಯಲ್ಲಿ ಹುಗಿದ ಕಾಂಡ. ತೋಟದಲ್ಲಿ ಒಂದು ಮರವನ್ನು ಒಮ್ಮೆ ಏರಿ ಮುಂದಿನದಕ್ಕೆ ಹೋಗುತ್ತೀರಿ. ಮೇಳದಲ್ಲಿ ಅದೇ ಕಾಂಡವನ್ನು ದಿನಕ್ಕೆ ಮೂವತ್ತು, ನಲವತ್ತು ಸಲ ಏರುತ್ತೀರಿ.

ಒಂದು ಮೇಳದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಕಾಂಡದ ತೊಗಟೆ ಒಣಗಿ ಒರಟಾಗಿತ್ತು, ರಬ್ಬರ್ ಪಟ್ಟಿ ಗಟ್ಟಿಯಾಗಿ ಕಚ್ಚುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಏರಿಳಿದ ಜಾಗದಲ್ಲೆಲ್ಲ ತೊಗಟೆ ಸುಲಿದು ಒಳಗಿನ ತೇವ ಹೊರಬಂದು, ಸೋಪು ಹಚ್ಚಿದಂತೆ ಮಿರುಗುತ್ತಿತ್ತು. ಬುಡದ ಮಣ್ಣಿನಲ್ಲಿ ಕಾಂಡದ ಸುತ್ತ ಒಂದು ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಯಾರೂ ಅದನ್ನು ನೋಡಲಿಲ್ಲ, ಎಲ್ಲರ ಕಣ್ಣೂ ಮೇಲಿತ್ತು. ಏರುತ್ತಿದ್ದ ಯುವಕ ಸುಮಾರು ಆರಡಿ ಸರ್ರನೆ ಜಾರಿದ. ಹೇಗೋ ಕಾಂಡವನ್ನು ತಬ್ಬಿಕೊಂಡು ನಿಂತ. ಅಂಗೈಯ ಚರ್ಮ ಹೋಗಿತ್ತು. ಅವನ ಕೆಳಗೆ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬರು ನಿಂತಿದ್ದರು. ಆ ಮಳಿಗೆಯವರ ಲೆಕ್ಕದಲ್ಲಿಯೂ ಅಂದಿನವರೆಗೆ ಒಬ್ಬರೂ ಬಿದ್ದಿರಲಿಲ್ಲ.

ಇಪ್ಪತ್ತೈದು ಅಡಿಯಿಂದ ಬಿದ್ದವನು ನೆಲ ಮುಟ್ಟಲು ಬೇಕಾಗುವುದು ಒಂದೂಕಾಲು ಸೆಕೆಂಡು. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 44 ಕಿ.ಮೀ. "ಹಿಡಿದುಕೋ" ಎಂದು ಕೂಗಿ ಮುಗಿಸಲೂ ಸಮಯ ಸಾಲದು.

ಈಗ ಷರತ್ತುಗಳ ಒಳಗುಟ್ಟಿಗೆ ಬರೋಣ. ಸೊಂಟದ ಬೆಲ್ಟ್ ಸಾಲದು, ಪೂರ್ಣ ದೇಹದ ಹಾರ್ನೆಸ್ ಬೇಕು ಎನ್ನುವುದೇಕೆ? ಬೀಳುವವನನ್ನು ಸೊಂಟದಲ್ಲಿ ಮಾತ್ರ ತಡೆದರೆ ಇಡೀ ಹೊಡೆತ ಬೆನ್ನುಮೂಳೆ ಮತ್ತು ಹೊಟ್ಟೆಯ ಮೇಲೆ ಬೀಳುತ್ತದೆ. ಪೂರ್ಣ ಹಾರ್ನೆಸ್ ಅದನ್ನು ತೊಡೆ, ಎದೆ, ಹೆಗಲುಗಳಿಗೆ ಹಂಚುತ್ತದೆ. ಭಾರತೀಯ ಮಾನಕ ಐಎಸ್ 3521ರ ಗುರುತಿರುವುದನ್ನೇ ಕೊಳ್ಳಿ. ನಿಮ್ಮ ಸಾಧನದಲ್ಲಿರುವ ಆಸನದ ಪಟ್ಟಿ ಹಾರ್ನೆಸ್ ಅಲ್ಲ. ಸಾಧನವೇ ಜಾರಿದರೆ ಅದಕ್ಕೆ ಕಟ್ಟಿಕೊಂಡವನೂ ಜೊತೆಗೆ ಜಾರುತ್ತಾನೆ. "ಬೇರೆಯೇ ಆದ" ರಕ್ಷಣಾ ಹಗ್ಗ ಎಂಬ ಪದಕ್ಕೆ ಷರತ್ತುಪತ್ರದಲ್ಲಿ ಅಷ್ಟು ತೂಕವಿರುವುದು ಈ ಕಾರಣಕ್ಕೆ.

ನಿಮ್ಮ ಸಾಧನ ಚೆಂಬೇರಿ ಮಾದರಿಯ ಕುಟುಂಬದ್ದು ಎಂದು ನೀವು ಕಳುಹಿಸಿದ ಚಿತ್ರದಿಂದ ತಿಳಿಯಿತು. ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ರೂಪಿಸಿದ ಆ ಸಾಧನ ಉಕ್ಕಿನ ಹಗ್ಗದ ಎರಡು ಕುಣಿಕೆಗಳಿಂದ ಮರವನ್ನು ಒಂದಾದ ಮೇಲೊಂದರಂತೆ ಬಿಗಿಹಿಡಿಯುತ್ತದೆ. ಒಂದು ಕಾಲಿನ ಭಾರ ಒಂದು ಕುಣಿಕೆಯನ್ನು ಬಿಗಿಸಿದಾಗ ಇನ್ನೊಂದು ಸಡಿಲವಾಗಿ ಮೇಲೇರುತ್ತದೆ. ಬಹಳ ಚಂದದ ಕಲ್ಪನೆ, ಹಳ್ಳಿಯ ಶೆಡ್ಡಿನಿಂದಲೇ ಬಂದದ್ದು. ಅದಕ್ಕೆ ನಂತರ ಪ್ರತ್ಯೇಕ ರಕ್ಷಣಾ ಜೋಡಣೆಯನ್ನು ಸೇರಿಸಿದವರು ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ಅಂದರೆ ಸಿಪಿಸಿಆರ್‌ಐ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಜಾಗ ಅದು. ನಿಮ್ಮ ಮನೆಯಿಂದ ದೂರವೇನಲ್ಲ. ಕೃಷಿ ವಿಜ್ಞಾನ ಕೇಂದ್ರವೂ, ಹೊಸ ಉದ್ಯಮಗಳಿಗೆ ಆಸರೆ ನೀಡುವ ಕಲ್ಪ ಅಗ್ರಿ-ಬಿಸಿನೆಸ್ ಇನ್‌ಕ್ಯುಬೇಟರ್ ಕೂಡ ಅಲ್ಲಿವೆ. ಸಾಧನವನ್ನು ಹೊತ್ತುಕೊಂಡು ಹೋಗಿ ತೋರಿಸಿ. ಅಲ್ಲಿನ ತಜ್ಞರ ಲಿಖಿತ ಅಭಿಪ್ರಾಯ ಒಂದೇ ಪುಟದ್ದಾದರೂ ಸಂಘಟಕರೆದುರು ಅದಕ್ಕೆ ಬೆಲೆಯಿದೆ.

ಅದೇ ಚಿತ್ರದಲ್ಲಿ ನನ್ನ ಕಣ್ಣು ನೆಟ್ಟದ್ದು ಉಕ್ಕಿನ ಹಗ್ಗದ ತುದಿಯಲ್ಲಿರುವ ಯು ಆಕಾರದ ಕ್ಲಿಪ್ಪುಗಳ ಮೇಲೆ. ಅವನ್ನು ತಲೆಕೆಳಗಾಗಿ ಹಾಕಿದ್ದೀರಿ. ಭಾರ ಹೊರುವ ಉದ್ದನೆಯ ಹಗ್ಗದ ಮೇಲೆ ಕ್ಲಿಪ್ಪಿನ ಅಗಲವಾದ ತಡಿ, ಅಂದರೆ ಹಗ್ಗ ಕೂರುವ ತಳಭಾಗ, ಕೂರಬೇಕು, ಯು ಬೋಲ್ಟು ಮಡಚಿ ಬಂದ ಗಿಡ್ಡ ತುದಿಯ ಕಡೆಗಿರಬೇಕು. ಅದಲುಬದಲಾದರೆ ಬೋಲ್ಟು ಭಾರದ ಹಗ್ಗವನ್ನೇ ಜಜ್ಜುತ್ತದೆ. ಪ್ರತಿದಿನ ಏರುವ ಮೊದಲು ಹಳೆಯ ಹತ್ತಿ ಬಟ್ಟೆಯೊಂದನ್ನು ಹಗ್ಗದ ಸುತ್ತ ಹಿಡಿದು, ಮುಖ್ಯವಾಗಿ ಹಗ್ಗ ಬಾಗುವ ಜಾಗದಲ್ಲಿ, ಮೆಲ್ಲನೆ ಎಳೆಯಿರಿ. ತುಂಡಾದ ತಂತಿಯಿದ್ದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಿಂದ ಮಾಡಬೇಡಿ, ತಂತಿ ಉಗುರಿನ ಸಂದಿಗೆ ಹೊಕ್ಕೀತು. ಸಿಕ್ಕಿಕೊಂಡರೆ ಅಂದು ಆ ಹಗ್ಗದ ಕೆಲಸ ಮುಗಿಯಿತು.

ಕಂಬಕ್ಕೆ ಎಂಜಿನಿಯರ್ ಪ್ರಮಾಣಪತ್ರ ಕೇಳುವುದು ಅನೇಕರಿಗೆ ಅತಿಯೆನಿಸುತ್ತದೆ. ಒಬ್ಬ ವ್ಯಕ್ತಿಯ ಬೀಳುವಿಕೆಯನ್ನು ತಡೆಯುವ ಆಧಾರಬಿಂದು 12 ಕಿಲೋನ್ಯೂಟನ್, ಅಂದರೆ ಸುಮಾರು 1,200 ಕೆ.ಜಿ. ಭಾರ ತಾಳಬೇಕೆಂದು ಯುರೋಪಿನ ಮಾನಕ ಹೇಳುತ್ತದೆ. ಹುಗಿದ ಅಡಿಕೆ ಕಾಂಡದ ತುದಿ ಅಷ್ಟನ್ನು ತಾಳುವುದಿಲ್ಲ. ಆದ್ದರಿಂದ ರಕ್ಷಣಾ ಹಗ್ಗವನ್ನು ಅದೇ ಕಾಂಡದ ತಲೆಗೆ ಕಟ್ಟುವುದು ನೋಡುವವರ ಸಮಾಧಾನಕ್ಕಷ್ಟೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು?

ಎಲ್ಲಕ್ಕಿಂತ ಅಗ್ಗದ್ದು ಮನುಷ್ಯನನ್ನು ಎತ್ತರಕ್ಕೆ ಕಳುಹಿಸದೆ ಸಾಧನವನ್ನು ತೋರಿಸುವುದು. ಐದಡಿಯ ಒಳಗೆ ಕಾಲಿಟ್ಟು ಏರುವುದು, ಇಳಿಯುವುದು, ಕುಣಿಕೆ ಬಿಗಿಯುವುದು, ಬಿಡುವುದು, ಎಲ್ಲವನ್ನೂ ತೋರಿಸಬಹುದು. ಕೊಳ್ಳುವವನು ತಾನೇ ಹತ್ತಿ ನೋಡಬಹುದು. ಅವನಿಗೆ ನಿಜವಾಗಿ ಬೇಕಾದದ್ದು ಅದು. ಪಕ್ಕದಲ್ಲಿ ಇನ್ನೊಂದು ಸಾಧನಕ್ಕೆ ನೂರು ಕೆ.ಜಿ. ಮರಳಿನ ಚೀಲ ನೇತುಹಾಕಿ ಬೆಳಗಿನಿಂದ ಸಂಜೆಯವರೆಗೆ ಬಿಡಿ. ಕೆಳಗೆ ಬೇಲಿ ಇರಲಿ. ಗಂಟೆಗೊಮ್ಮೆ ಕ್ಲಾಂಪ್ ಇದ್ದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ, ಎಷ್ಟು ಜಾರಿದೆ ಎಂದು ಎಲ್ಲರಿಗೂ ಕಾಣಲಿ. ತೋಟದಲ್ಲಿ ಸುರಕ್ಷಿತವಾಗಿ ಏರಿದ ವಿಡಿಯೊ ಹಿಂದೆ ಓಡುತ್ತಿರಲಿ. ಇದರ ಕೊರತೆಯೆಂದರೆ ಜನ ಗುಂಪುಗೂಡುವುದು ಕಡಿಮೆ. ಮೇಲೆ ಮನುಷ್ಯನಿದ್ದಾಗ ಬರುವ ಚಪ್ಪಾಳೆ ಮರಳಿನ ಚೀಲಕ್ಕೆ ಬರುವುದಿಲ್ಲ.

ಪೂರ್ತಿ ಎತ್ತರಕ್ಕೆ ಏರಿಯೇ ತೋರಿಸಬೇಕೆಂದರೆ ಕಾಂಡದ ಪಕ್ಕದಲ್ಲಿ ಬೇರೆಯೇ ಆಧಾರ ಬೇಕು. ಕಟ್ಟಡ ಕೆಲಸದವರ ಉಕ್ಕಿನ ಅಟ್ಟಣಿಗೆಯನ್ನು ಬಾಡಿಗೆಗೆ ತಂದು, ನಾಲ್ಕೂ ಕಡೆ ಎಳೆಹಗ್ಗ ಕಟ್ಟಿ, ಸಿವಿಲ್ ಎಂಜಿನಿಯರ್ ಒಬ್ಬರಿಂದ ಲೆಕ್ಕ ಹಾಕಿಸಿ. ಅದರ ಮೇಲ್ತುದಿಯ ರಾಟೆಯ ಮೂಲಕ ಹಗ್ಗ ಇಳಿಬಿಟ್ಟು, ಒಂದು ತುದಿಯನ್ನು ಏರುವವನ ಹಾರ್ನೆಸ್ಸಿಗೆ ಕಟ್ಟಿ, ಇನ್ನೊಂದನ್ನು ಕೆಳಗಿರುವವರು ಬಿಲೇ ಸಾಧನದ, ಅಂದರೆ ಹಗ್ಗವನ್ನು ತಡೆದು ಹಿಡಿಯುವ ಸಾಧನದ, ಮೂಲಕ ಹಿಡಿಯಬೇಕು. ಬಂಡೆ ಏರುವವರು ಬಳಸುವ ಪದ್ಧತಿಯೇ ಇದು. ಹುಡುಗ ಏರಿದಂತೆಲ್ಲ ಹಗ್ಗವನ್ನು ಎಳೆದುಕೊಳ್ಳುತ್ತಾ ಹೋದರೆ ಸಡಿಲವಿರುವುದಿಲ್ಲ. ಸಾಧನ ಜಾರಿದರೂ ಅವನು ಬೀಳುವುದು ಒಂದೆರಡು ಅಡಿ.

ಈ ಪದ್ಧತಿಯನ್ನೇ ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಷರತ್ತುಪತ್ರ "ಕೆಳಗಿಳಿಸುವ ವ್ಯವಸ್ಥೆ" ಕೇಳುವುದು ಅದಕ್ಕೆ. ಏಣಿ ಹುಡುಕಲು, ಅಗ್ನಿಶಾಮಕ ದಳಕ್ಕೆ ಕಾಯಲು ಸಮಯವಿರುವುದಿಲ್ಲ. ಹಗ್ಗ ಕೆಳಗಿನವರ ಕೈಯಲ್ಲಿದ್ದರೆ ಅಲ್ಲಿಂದಲೇ ಮೆಲ್ಲನೆ ಇಳಿಸಬಹುದು. ಎರಡು ಷರತ್ತುಗಳು ಒಂದೇ ಹಗ್ಗದಲ್ಲಿ ಈಡೇರುತ್ತವೆ. ಅಪಾಯವೂ ಇದೆ: ರಾಟೆಯ ಮೂಲಕ ಹಾಯುವ ಹಗ್ಗ ಮೇಲಿನ ಆಧಾರದ ಮೇಲೆ ಹೆಚ್ಚುಕಡಿಮೆ ಇಮ್ಮಡಿ ಭಾರ ಹಾಕುತ್ತದೆ. ಎಂಜಿನಿಯರ್ ಹತ್ತಿರ ಈ ಮಾತನ್ನು ಹೇಳಲು ಮರೆಯಬೇಡಿ. ತೆಂಗಿನ ನಾರಿನ ಹಗ್ಗ, ಪ್ಲಾಸ್ಟಿಕ್ ಹಗ್ಗ ಇದಕ್ಕೆ ಬೇಡವೇ ಬೇಡ. ಹಗ್ಗ ಹಿಡಿಯುವುದನ್ನು ವಿಡಿಯೊ ನೋಡಿ ಕಲಿಯಬೇಡಿ. ಬಂಡೆ ಏರುವ ತರಬೇತಿ ಪಡೆದವರ ಎದುರು ನಿಂತು ಕಲಿಯಿರಿ. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಅಂಥ ತರಬೇತಿಯಿದೆ.

ಇಷ್ಟೆಲ್ಲ ಒಬ್ಬರೇ ಹೊರುವ ಹೊರೆಯಲ್ಲ ಎಂದು ನನಗೆ ಗೊತ್ತು. ನನ್ನ ಮನಸ್ಸಿಗೆ ಅತ್ಯಂತ ಸರಿಯೆನಿಸುವ ದಾರಿ ಇದು: ನಿಮ್ಮಂತೆಯೇ ಮರ ಏರುವ ಸಾಧನ ಮಾಡುವವರು ಪುತ್ತೂರು, ಬಂಟ್ವಾಳದ ಕಡೆ ಇದ್ದಾರೆ, ಕಣ್ಣೂರಿನ ಕಡೆಯೂ ಇದ್ದಾರೆ. ನಾಲ್ಕೈದು ಮಂದಿ ಸೇರಿ ಒಂದೇ ಅರ್ಜಿ ಹಾಕಿ. ಮೇಳದ ಮೂಲೆಯಲ್ಲಿ ಒಂದು ಸಾಮಾನ್ಯ ಪ್ರಾತ್ಯಕ್ಷಿಕೆ ಕಣ, ಅದಕ್ಕೊಂದು ಅಟ್ಟಣಿಗೆ, ಒಬ್ಬ ತರಬೇತಾದ ಹಗ್ಗದವನು, ಒಂದು ವಿಮೆ. ಪ್ರತಿಯೊಬ್ಬರಿಗೂ ಸರದಿಯಂತೆ ಹದಿನೈದು ನಿಮಿಷ. ಸಂಘಟಕರಿಗೂ ಐದು ಕಡೆ ತಪಾಸಣೆ ಮಾಡುವುದಕ್ಕಿಂತ ಒಂದೇ ಕಡೆ ಮಾಡುವುದು ಸುಲಭ. ಸಣ್ಣವರನ್ನು ಉಳಿಸಿಕೊಳ್ಳಬೇಕೆಂಬ ಮನಸ್ಸು ಅವರಿಗಿದ್ದರೆ ಇಂಥ ಕಣವನ್ನು ಅವರೇ ಕಟ್ಟಿಕೊಡಬೇಕಿತ್ತು. ಕಟ್ಟದೆ ಬರೀ ಷರತ್ತು ಕಳುಹಿಸಿದ್ದು ಅವರ ತಪ್ಪು. ಅದನ್ನು ಅರ್ಜಿಯಲ್ಲಿ ನೇರವಾಗಿಯೇ ಬರೆಯಿರಿ. ಪಕ್ಕದ ಮಳಿಗೆಯವನು ಪ್ರತಿಸ್ಪರ್ಧಿ ಎಂಬ ಸಂಕೋಚ ಬರಬಹುದು. ಸಾಧನಗಳನ್ನು ಒಂದೇ ಕಂಬದಲ್ಲಿ ಹೋಲಿಸಿ ನೋಡುವ ಅವಕಾಶ ಸಿಕ್ಕರೆ ಕೃಷಿಕರು ಹೆಚ್ಚೇ ಬರುತ್ತಾರೆ.

ವಿಮೆಯಲ್ಲಿ ಒಂದು ಗೊಂದಲ ಸಾಮಾನ್ಯ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮರ ಏರುವವನ ಅಪಘಾತಕ್ಕೆ. ಅದು ಒಳ್ಳೆಯದು, ಅಣ್ಣನ ಮಗನಿಗೆ ಅರ್ಹತೆಯಿದ್ದರೆ ಮಾಡಿಸಿ. ಪ್ರೇಕ್ಷಕರಿಗೆ ಆಗುವ ಹಾನಿ ಅದರಲ್ಲಿ ಬರುವುದಿಲ್ಲ. ಸಂಘಟಕರು ಕೇಳುತ್ತಿರುವುದು ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ. ಹೆಸರು ಹತ್ತಿರವಿದೆಯೆಂದು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯನ್ನು ಇದಕ್ಕೆ ತಳುಕು ಹಾಕುವವರಿದ್ದಾರೆ. ಆ ಕಾಯ್ದೆ ಅಪಾಯಕಾರಿ ರಾಸಾಯನಿಕಗಳಂಥ ವಸ್ತುಗಳನ್ನು ನಿರ್ವಹಿಸುವವರಿಗೆ. ಮೊದಲು ಸಂಘಟಕರ ಪಾಲಿಸಿಯಲ್ಲಿಯೇ ನಿಮ್ಮ ಪ್ರಾತ್ಯಕ್ಷಿಕೆಯನ್ನು ಸೇರಿಸಬಹುದೇ ಎಂದು ಕೇಳಿ. ಹಲವು ಸಲ ಅದಕ್ಕೆ ತಗಲುವ ಹೆಚ್ಚುವರಿ ಕಂತು ಬಿಡಿಯಾಗಿ ಕೊಳ್ಳುವುದಕ್ಕಿಂತ ಕಡಿಮೆ.

ಇನ್ನು ದೋಣಿಗಳ ಪ್ರದರ್ಶನ. ಅಲ್ಲಿಗೆ ಹೋಗುವ ಮೊದಲು ನಿಯಮಕ್ಕಿಂತ ದೊಡ್ಡ ತೊಡಕೊಂದಿದೆ. ಹಾಯಿದೋಣಿಯ ಕೂವೆಕಂಬ ತೆಂಗಿನ ಮರದಂತೆ ಬೋಳಾಗಿರುವುದಿಲ್ಲ. ನಡುವೆ ಎರಡೂ ಬದಿಗೆ ಚಾಚಿದ ಅಡ್ಡತೋಳುಗಳಿರುತ್ತವೆ, ಅವುಗಳಿಂದ ಉಕ್ಕಿನ ಬಿಗಿತಂತಿಗಳು ಹಾದುಹೋಗುತ್ತವೆ. ಕಂಬವನ್ನು ಸುತ್ತುವ ನಿಮ್ಮ ಕುಣಿಕೆ ಆ ತೋಳನ್ನು ದಾಟಬೇಕಾದರೆ ಬಿಚ್ಚಿ ಮತ್ತೆ ಹಾಕಬೇಕು, ಅದೂ ಮೇಲೆ ನೇತಾಡುತ್ತಾ. ಅಲ್ಯೂಮಿನಿಯಂ ಕಂಬದ ಮೇಲ್ಮೈಯನ್ನು ಉಕ್ಕಿನ ಹಗ್ಗ ಗೀರುತ್ತದೆ ಕೂಡ. ಅದಕ್ಕೇ ನಾವಿಕರು ಕಂಬವನ್ನು ತಬ್ಬುವುದಿಲ್ಲ. ಕಂಬದ ತಲೆಯ ರಾಟೆಯಿಂದ ಬರುವ, ಹಾಯಿ ಏರಿಸುವ ಹಗ್ಗದಲ್ಲಿಯೇ ಹಲಗೆ ಕುರ್ಚಿ ಕಟ್ಟಿ ಏರುತ್ತಾರೆ, ಇನ್ನೊಂದು ಹಗ್ಗವನ್ನು ರಕ್ಷಣೆಗೆ ಕಟ್ಟಿಕೊಳ್ಳುತ್ತಾರೆ. ಪ್ರದರ್ಶನದಲ್ಲಿ ದೋಣಿ ನೀರಿನಲ್ಲಿರದೆ ನೆಲದ ಮೇಲೆ ಆನಿಕೆಗಳಲ್ಲಿ ನಿಂತಿದ್ದರೆ, ಕಂಬದ ತುದಿಯಲ್ಲಿ ಒಬ್ಬ ಮನುಷ್ಯನ ಭಾರ ಸೇರುವುದು ಸಂಘಟಕರ ನಿದ್ದೆಗೆಡಿಸುವ ಸಂಗತಿಯೇ.

ಅಂಥ ಪ್ರದರ್ಶನಗಳ ಷರತ್ತುಗಳಲ್ಲಿ ಬ್ರಿಟನ್ನಿನ 2005ರ ಎತ್ತರದ ಕೆಲಸದ ನಿಯಮಗಳ ಛಾಯೆಯನ್ನು ನಾನು ಕಂಡಿದ್ದೇನೆ. ಹಗ್ಗದಲ್ಲಿ ಕೆಲಸ ಮಾಡುವವನಿಗೆ ಬೇರೆ ಬೇರೆಯಾಗಿ ಕಟ್ಟಿದ ಎರಡು ಹಗ್ಗ ಇರಬೇಕೆಂದು ಅದು ಹೇಳುತ್ತದೆ. ಎರಡನೆಯ ಹಗ್ಗದಿಂದಲೇ ಅಪಾಯ ಹೆಚ್ಚುತ್ತದೆಂದು ಅಪಾಯದ ಅಂದಾಜಿನಲ್ಲಿ ಕಂಡುಬಂದರೆ, ಬೇರೆ ಸೂಕ್ತ ಕ್ರಮಗಳೊಂದಿಗೆ ಒಂದೇ ಹಗ್ಗಕ್ಕೂ ಅವಕಾಶವಿದೆ. ಆ ಕಾನೂನು ನಮಗೆ ಅನ್ವಯಿಸುವುದಿಲ್ಲ, ಆದರೆ ಅದರಿಂದ ಒಂದು ಪಾಠವಿದೆ: ಬರೆದು ಯೋಚಿಸಿದವನ ಜೊತೆ ನಿಯಮವೂ ಮಾತಿಗೆ ಸಿದ್ಧವಿರುತ್ತದೆ. ಒಂದು ದೋಣಿ ಪ್ರದರ್ಶನದಲ್ಲಿ ಹಲಗೆ ಕುರ್ಚಿ ಮಾರುತ್ತಿದ್ದ ಸಣ್ಣ ವ್ಯಾಪಾರಿಯೊಬ್ಬರು ಮಳಿಗೆಯೊಳಗೆ ಎರಡು ಮೀಟರ್ ಕಂಬ ನಿಲ್ಲಿಸಿ, ನೆಲದಿಂದ ಒಂದಡಿ ಮೇಲೆ ಗಿರಾಕಿಗಳನ್ನೇ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಎದುರಿಗೆ ಸಾಲು ನಿಂತಿತ್ತು. ನಿಮ್ಮ ಸಾಧನವನ್ನು ಕೊಚ್ಚಿಗೆ ಒಯ್ಯುವುದಾದರೆ ಬೋಳು ದೀಪದ ಕಂಬಗಳಿಗೆಂದು ಒಯ್ಯಿರಿ, ಕೂವೆಕಂಬಕ್ಕೆಂದು ಹೇಳಬೇಡಿ.

ಷರತ್ತುಪತ್ರ ಕನ್ನಡದಲ್ಲಿಲ್ಲ ಎಂದು ನೀವು ಬೇಸರದಿಂದ ಬರೆದಿದ್ದೀರಿ. ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರ ವ್ಯವಹಾರ ಮಾಡಲು ಅವಕಾಶವಿದೆ. ಮೇಳ ಸರ್ಕಾರಿ ಇಲಾಖೆಯದಾದರೆ ಕನ್ನಡದಲ್ಲಿಯೇ ಬರೆದು ಉತ್ತರ ಕೇಳಿ. ಖಾಸಗಿಯವರಾದರೆ ಈ ಕಾಯ್ದೆ ಕಟ್ಟಿಹಾಕುವುದಿಲ್ಲ, ಆದರೂ ಕೇಳಿ. ಜೀವಕ್ಕೆ ಸಂಬಂಧಿಸಿದ ಷರತ್ತು ಓದುವವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಕೇಳುವುದಕ್ಕೆ ಯಾವ ಕಾಯ್ದೆಯ ಬಲವೂ ಬೇಡ. ಮಳಿಗೆಯ ಬಾಡಿಗೆ ಕಟ್ಟುವ ಮೊದಲೇ ಉತ್ತರ ಬರಹದಲ್ಲಿ ಕೈಸೇರಲಿ.

ಕೊನೆಗೊಂದು ಮಾತು, ಇದನ್ನು ನೀವು ಕೇಳಿಲ್ಲ. ಏರುವವನು ಅಣ್ಣನ ಮಗ ಎಂದು ಬರೆದಿದ್ದೀರಿ. ಕೆಳಗೆ ರಕ್ಷಣಾ ಹಗ್ಗ ಹಿಡಿಯುವವರು ನೀವಾದರೆ, ಆ ಹೊತ್ತಿನಲ್ಲಿ ಗಿರಾಕಿಗಳಿಗೆ ಬೆಲೆ ಹೇಳಲು, ಫೋನ್ ಎತ್ತಲು ಮನೆಯ ಇನ್ನೊಬ್ಬರನ್ನು ಮಳಿಗೆಯಲ್ಲಿ ನಿಲ್ಲಿಸಿ. ಅವನು ನೆಲ ಮುಟ್ಟುವವರೆಗೆ ನಿಮ್ಮ ಎರಡೂ ಕೈ ಹಗ್ಗದ ಮೇಲೆಯೇ ಇರಬೇಕು.